ಖಾಲಿ ಕಾಣುವುದೆಲ್ಲ ಒಂದೇ ಖಾಲಿಯಲ್ಲ: ಜೋಡಿಸಿದ ಡೇಟಾಬೇಸ್‌ಗಳ ನಡುವೆ ನಲ್ ತೊಂದರೆ ಹುಡುಕುವ ಬಗೆ

ಕೌಂಟರಿನಿಂದ ಫೋನ್ ಬಂದಾಗ ಮಧ್ಯಾಹ್ನ ಹನ್ನೆರಡಾಗಿತ್ತು. "ಸರ್, ಗಂಗಮ್ಮನವರ ಪಾಸ್‌ಬುಕ್ಕಲ್ಲಿ ಹೆಸರೇ ಬರ್ತಿಲ್ಲ. ಬ್ಯಾಲೆನ್ಸ್ ಬರ್ತಿದೆ, ವಿಳಾಸ ಬರ್ತಿದೆ, ಹೆಸರಿನ ಜಾಗ ಮಾತ್ರ ಖಾಲಿ." ಪ್ರಿಂಟರ್ ಕೆಟ್ಟಿದೆ ಅಂದುಕೊಂಡು ಆಗಲೇ ರಿಬ್ಬನ್ ಬದಲಾಯಿಸಿ ನೋಡಿದ್ದರು ಪಾಪ.

ಶಾಖೆಯ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಮೇಲಿತ್ತು, ಮುಖ್ಯ ಕಚೇರಿಯದು ಒರಾಕಲ್ ಮೇಲೆ, ಎರಡೂ ಡೇಟಾಬೇಸ್ ತಂತ್ರಾಂಶಗಳೇ, ನಡುವೆ ಒಂದರಿಂದ ಇನ್ನೊಂದನ್ನು ಕೇಳಲು ಲಿಂಕ್ಡ್ ಸರ್ವರ್ ಎಂಬ ಜೋಡಣೆ. ಗಂಗಮ್ಮನವರಿಗೆ ಇನಿಷಿಯಲ್ ಇಲ್ಲ. ಫಾರಂ ತುಂಬುವಾಗ ಆ ಜಾಗ ಬಿಟ್ಟಿದ್ದರಿಂದ ಶಾಖೆಯ ಟೇಬಲ್ಲಿನಲ್ಲಿ ಅದು ಖಾಲಿ ಸ್ಟ್ರಿಂಗ್ ಆಗಿ, ಅಂದರೆ ಒಂದು ಅಕ್ಷರವೂ ಇಲ್ಲದ ಪಠ್ಯವಾಗಿ ಕೂತಿತ್ತು. ಒರಾಕಲ್‌ಗೆ ಹೋಗಿ ನಲ್ ಆಯಿತು, ಅಂದರೆ 'ಮೌಲ್ಯವೇ ಇಲ್ಲ' ಎಂಬ ಗುರುತು. ಪಾಸ್‌ಬುಕ್ ಮುದ್ರಿಸುವ ಪ್ರೊಸೀಜರ್ (ಡೇಟಾಬೇಸಿನಲ್ಲೇ ಉಳಿಸಿಟ್ಟ ಪುಟ್ಟ ಪ್ರೋಗ್ರಾಂ) ಅದನ್ನು ವಾಪಸ್ ತರಿಸಿಕೊಂಡು ಇನಿಷಿಯಲ್ + ಸ್ಪೇಸ್ + ಹೆಸರು ಎಂದು ಕೂಡಿಸಿತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ನಲ್‌ಗೆ ಏನನ್ನು ಕೂಡಿಸಿದರೂ ಬರುವುದು ನಲ್. ಇನಿಷಿಯಲ್ ಇಲ್ಲದ ತಪ್ಪಿಗೆ ಹೆಸರೇ ಹೋಯಿತು.

ಇಂಥ ದೂರು ಬಂದಾಗ ನಾನು ಯಾವ ಕ್ರಮದಲ್ಲಿ ನೋಡುತ್ತೇನೋ ಅದೇ ಕ್ರಮದಲ್ಲಿ ಇದನ್ನು ಬರೆದಿದ್ದೇನೆ: ಮೊದಲು ಪುಕ್ಕಟೆ ಪರೀಕ್ಷೆಗಳು, ಆಮೇಲೆ ತಲೆನೋವಿನವು. ಉದಾಹರಣೆ ಹೆಚ್ಚಾಗಿ ಎಸ್‌ಕ್ಯೂಎಲ್ ಸರ್ವರ್ ಮತ್ತು ಒರಾಕಲ್ ಜೋಡಿಯದು, ಏಕೆಂದರೆ ಜಗಳ ಜೋರಾಗಿರುವುದು ಅಲ್ಲೇ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಒಂದು ಎಚ್ಚರಿಕೆ ಈಗಲೇ. ಕೆಳಗಿನ ಪರೀಕ್ಷೆಗಳೆಲ್ಲ ಬರೀ ಓದುವಂಥವು. ಕಾರಣ ಗೊತ್ತಾಗುವ ಮುಂಚೆ ಲೈವ್ ಡೇಟಾಬೇಸಿನ ಮೇಲೆ ಅಪ್‌ಡೇಟ್ ಓಡಿಸಬೇಡಿ. "ಖಾಲಿ ಇರೋದನ್ನೆಲ್ಲ ನಲ್ ಮಾಡಿಬಿಡೋಣ" ಎಂದು ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಆದರೆ "ಫೋನ್ ಇಲ್ಲ ಅಂದರು" ಮತ್ತು "ಫೋನ್ ಕೇಳೇ ಇಲ್ಲ" ಎಂಬೆರಡು ಒಮ್ಮೆ ಬೆರೆತುಹೋದರೆ ಬ್ಯಾಕಪ್ಪಿನಿಂದಲ್ಲದೆ ಬೇರೆ ಮಾಡಲು ದಾರಿಯಿಲ್ಲ.

ಮೊದಲ ಐದು ನಿಮಿಷ: ಇದು ಯಾವ ಖಾಲಿ?

ಪರದೆಯ ಮೇಲೆ ಖಾಲಿ ಕಾಣುವ ಜಾಗದಲ್ಲಿ ಕಡಿಮೆಯೆಂದರೂ ಐದು ಬೇರೆ ಬೇರೆ ಸಂಗತಿ ಇರಬಹುದು: ನಲ್, ಸೊನ್ನೆ ಉದ್ದದ ಸ್ಟ್ರಿಂಗ್, ಬರೀ ಸ್ಪೇಸ್‌ಗಳು, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರ, ಇಲ್ಲವೇ ಹೊಸ ಸಾಲಿನ ಗುರುತು. ಔಷಧಿ ಒಂದೊಂದಕ್ಕೂ ಬೇರೆ.

ನೀವು ನೋಡುತ್ತಿರುವ ಕಿಟಕಿಯನ್ನೇ ಮೊದಲು ಅನುಮಾನಿಸಿ. ಎಸ್‌ಎಸ್‌ಎಂಎಸ್ (ಎಸ್‌ಕ್ಯೂಎಲ್ ಸರ್ವರ್ ನೋಡುವ ಕಿಟಕಿ) ಗ್ರಿಡ್ಡಿನಲ್ಲಿ ನಲ್ ಇದ್ದರೆ ತಿಳಿಹಳದಿ ಹಿನ್ನೆಲೆಯಲ್ಲಿ ನಲ್ ಎಂದೇ ಬರೆದಿರುತ್ತದೆ. ಎಸ್‌ಕ್ಯೂಎಲ್ ಪ್ಲಸ್ ಮತ್ತು ಪಿಎಸ್‌ಕ್ಯೂಎಲ್ (ಒರಾಕಲ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳ ಆಜ್ಞೆ ಕಿಟಕಿಗಳು) ಹಾಗಲ್ಲ, ನಲ್ ಇದ್ದರೂ ಸುಮ್ಮನೆ ಜಾಗ ಬಿಡುತ್ತವೆ. ಮೊದಲನೆಯದರಲ್ಲಿ 'ಸೆಟ್ ನಲ್', ಎರಡನೆಯದರಲ್ಲಿ '\ಪಿಸೆಟ್ ನಲ್' ಕೊಟ್ಟು ನಲ್‌ಗೆ ಒಂದು ಗುರುತು ಇಟ್ಟುಕೊಳ್ಳಿ. ಇಷ್ಟರಲ್ಲೇ ಅರ್ಧ ದೂರು ಬಗೆಹರಿದದ್ದನ್ನು ನೋಡಿದ್ದೇನೆ.

ಆಮೇಲೆ ಉದ್ದ ಅಳೆಯಿರಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಲೆನ್' ಬಳಸಬೇಡಿ. ಅದು ಕೊನೆಯ ಸ್ಪೇಸ್‌ಗಳನ್ನು ಎಣಿಸುವುದಿಲ್ಲ, ಹಾಗಾಗಿ ಖಾಲಿ ಸ್ಟ್ರಿಂಗಿಗೂ ಹತ್ತು ಸ್ಪೇಸ್‌ಗೂ ಸೊನ್ನೆಯನ್ನೇ ಹೇಳುತ್ತದೆ. 'ಡೇಟಾಲೆಂಗ್ತ್' ಕೇಳಿ: ನಲ್‌ಗೆ ನಲ್, ಖಾಲಿ ಸ್ಟ್ರಿಂಗಿಗೆ 0, ಒಂದು ಸ್ಪೇಸ್‌ಗೆ 1, ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಪಠ್ಯದ ಬಗೆ) ಆಗಿದ್ದರೆ 2. ಒರಾಕಲ್ ಕಡೆ 'ಡಂಪ್' ಎಂಬ ಫಂಕ್ಷನ್ ಇದೆ, ಒಳಗಿನ ಒಂದೊಂದು ಬೈಟನ್ನೂ ಬಿಚ್ಚಿ ತೋರಿಸುತ್ತದೆ. ಸ್ಪೇಸ್ ಇದ್ದರೆ 32 ಎಂದು ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 'ಹೆಕ್ಸ್' ಆ ಕೆಲಸ ಮಾಡುತ್ತದೆ.

ಲಿಂಕಿನ ಆಚೆ ನಿಜವಾಗಿ ಏನಿದೆ ಎಂದು ನೋಡಬೇಕಾದರೆ 'ಡಂಪ್' ಅನ್ನು 'ಓಪನ್‌ಕ್ವೆರಿ' ಒಳಗಿಟ್ಟು ಕಳಿಸಿ. ಓಪನ್‌ಕ್ವೆರಿಯೊಳಗಿನ ಮಾತು ಹಾಗೆಹಾಗೆಯೇ ಆಚೆಗೆ ಹೋಗಿ ಅಲ್ಲೇ ಓಡುತ್ತದೆ. ಇಲ್ಲದಿದ್ದರೆ ನೀವು ನೋಡುವುದು ಡ್ರೈವರ್ ತಂದುಕೊಟ್ಟ ರೂಪವನ್ನು.

"ಪೂರ್ತಿ ಹೆಸರು, ಪೂರ್ತಿ ವಿಳಾಸ ಮಾಯ"

ಒಂದು ತುಂಡು ಇಲ್ಲದಿದ್ದರೆ ಇಡೀ ಸಾಲೇ ಮಾಯವಾಗುತ್ತಿದೆಯೇ? ಎಲ್ಲರಿಗೂ ಅಲ್ಲ, ಇನಿಷಿಯಲ್ ಇಲ್ಲದವರಿಗೆ, ಮನೆ ನಂಬರ್ ಇಲ್ಲದ ಹಳ್ಳಿಯ ವಿಳಾಸಕ್ಕೆ ಮಾತ್ರವೇ? ಹಾಗಾದರೆ ಹೆಚ್ಚು ಹುಡುಕಬೇಕಿಲ್ಲ, ಇದು ಗಂಗಮ್ಮನವರ ಕಾಯಿಲೆ.

ಒರಾಕಲ್‌ನಲ್ಲಿ ಸೊನ್ನೆ ಉದ್ದದ ವಾರ್‌ಚಾರ್2 (ಪಠ್ಯದ ಕಾಲಂ ಬಗೆ) ಎಂಬುದೇ ಇಲ್ಲ. ಎರಡು ಸಿಂಗಲ್ ಕೋಟ್‌ಗಳ ನಡುವೆ ಏನೂ ಇಲ್ಲದೆ ಬರೆದದ್ದನ್ನು ಅದು ನಲ್ ಎಂದೇ ಓದುತ್ತದೆ. ಈ ಅಭ್ಯಾಸ ಹಳೆಯದು. ಒರಾಕಲ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ, ಎಸ್‌ಕ್ಯೂಎಲ್‌ಗೆ ಅಮೆರಿಕದ ಮಾನಕ ಬಂದದ್ದು 1986ರಲ್ಲಿ. ಮುಂದೊಂದು ದಿನ ಇದು ಬದಲಾಗಬಹುದು, ಎರಡನ್ನೂ ಒಂದೇ ಎಂದು ನಂಬಿಕೊಂಡು ಬರೆಯಬೇಡಿ ಎಂದು ಒರಾಕಲ್‌ನ ಕೈಪಿಡಿಯೇ ವರ್ಷಾನುಗಟ್ಟಲೆಯಿಂದ ಹೇಳುತ್ತಿದೆ. ಬದಲಾಗಿಲ್ಲ.

ಆದರೆ ಒರಾಕಲ್ ಈ ನಲ್ ಅನ್ನು || ಎಂಬ ಜೋಡಣೆಯಲ್ಲಿ ಖಾಲಿ ಸ್ಟ್ರಿಂಗಿನಂತೆಯೇ ನಡೆಸಿಕೊಳ್ಳುತ್ತದೆ. ನಲ್‌ಗೆ ಹೆಸರು ಕೂಡಿಸಿದರೆ ಹೆಸರು ಉಳಿಯುತ್ತದೆ. ಅದಕ್ಕೇ ಮುಖ್ಯ ಕಚೇರಿಯವರ ವರದಿಯಲ್ಲಿ ಗಂಗಮ್ಮನವರ ಹೆಸರು ಸರಿಯಾಗಿಯೇ ಇರುತ್ತದೆ. "ನಮ್ಮ ಕಡೆ ಸರಿಯಿದೆಯಲ್ಲ" ಎಂದು ಅವರು ಹೇಳುವುದು ಸುಳ್ಳಲ್ಲ.

ಪರಿಹಾರ ಅಗ್ಗದ್ದು. ಎಸ್‌ಕ್ಯೂಎಲ್ ಸರ್ವರ್ 2012 ಅಥವಾ ಆಮೇಲಿನದಾದರೆ + ಬಿಟ್ಟು 'ಕಾನ್‌ಕ್ಯಾಟ್' ಬಳಸಿ, ಅದು ನಲ್ ಅನ್ನು ಖಾಲಿ ಎಂದೇ ಎಣಿಸುತ್ತದೆ. 2017ರಿಂದ ಈಚಿನದಾದರೆ 'ಕಾನ್‌ಕ್ಯಾಟ್_ಡಬ್ಲ್ಯೂಎಸ್' ಇನ್ನೂ ವಾಸಿ, ನಲ್ ಇದ್ದ ಕಡೆ ಮಧ್ಯದ ಸ್ಪೇಸನ್ನೂ ಹಾಕುವುದಿಲ್ಲ. ಆಚೆ ಬದಿಯಲ್ಲಿ ಮೈಎಸ್‌ಕ್ಯೂಎಲ್ ಇದ್ದರೆ ಮೋಸಹೋಗಬೇಡಿ: ಅಲ್ಲಿನ ಕಾನ್‌ಕ್ಯಾಟ್‌ಗೆ ಒಂದು ನಲ್ ಸಿಕ್ಕರೂ ಇಡೀ ಉತ್ತರ ನಲ್. ಹೆಸರು ಒಂದೇ, ನಡತೆ ಬೇರೆ.

"ಲಿಂಕಿನ ಮೂಲಕ ಕೇಳಿದರೆ ಒಂದೂ ಸಾಲು ಬರುವುದಿಲ್ಲ"

ಫೋನ್ ನಂಬರ್ ಇರುವವರ ಪಟ್ಟಿ ಬೇಕು. ಎಲ್ಲರೂ ಬರೆಯುವಂತೆ ನೀವೂ 'ವೇರ್ ಫೋನ್ <> ''' ಎಂದು, ಅಂದರೆ ಫೋನ್ ಖಾಲಿಗೆ ಸಮವಲ್ಲದವರು ಬೇಕು ಎಂದು ಬರೆದಿದ್ದೀರಿ. ಶಾಖೆಯ ಟೇಬಲ್ಲಿನ ಮೇಲೆ ಸರಿಯಾಗಿ ಓಡುತ್ತದೆ. ಓಪನ್‌ಕ್ವೆರಿಯಲ್ಲಿ ಹಾಕಿ ಒರಾಕಲ್‌ಗೆ ಕಳಿಸಿದರೆ ಸೊನ್ನೆ ಸಾಲು. ಟೇಬಲ್ ಖಾಲಿಯೇ ಎಂದು ನೋಡಿದರೆ ತುಂಬಿ ತುಳುಕುತ್ತಿದೆ.

ಒರಾಕಲ್ ಆ ಷರತ್ತನ್ನು 'ಫೋನ್ <> ನಲ್' ಎಂದು ಓದಿತು. ನಲ್ ಜೊತೆಗಿನ ಹೋಲಿಕೆಗೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, 'ಗೊತ್ತಿಲ್ಲ'. ಗೊತ್ತಿಲ್ಲ ಎಂದ ಸಾಲನ್ನು ವೇರ್ ಒಳಗೆ ಬಿಡುವುದಿಲ್ಲ. ಹಾಗಾಗಿ ಒಬ್ಬರೂ ಬರಲಿಲ್ಲ.

ಈ ರೋಗದ ಗುರುತು ಇದು: ಅದೇ ಷರತ್ತನ್ನು ಓಪನ್‌ಕ್ವೆರಿ ಬಿಟ್ಟು ನಾಲ್ಕು ಭಾಗದ ಹೆಸರಿನಿಂದ ಕೇಳಿದಾಗ, ಅಂದರೆ ಸರ್ವರ್, ಡೇಟಾಬೇಸ್, ಸ್ಕೀಮಾ, ಟೇಬಲ್ ಎಂದು ಚುಕ್ಕೆಯಿಟ್ಟು ಬರೆದಾಗ, ಒಮ್ಮೊಮ್ಮೆ ಸರಿಯಾದ ಉತ್ತರ ಬಂದುಬಿಡುತ್ತದೆ. ಆಗ ಷರತ್ತನ್ನು ಆಚೆ ಕಳಿಸಬೇಕೋ ಸಾಲುಗಳನ್ನೆಲ್ಲ ತರಿಸಿಕೊಂಡು ಇಲ್ಲೇ ಸೋಸಬೇಕೋ ಎಂಬುದನ್ನು ಎಸ್‌ಕ್ಯೂಎಲ್ ಸರ್ವರ್ ತಾನೇ ತೀರ್ಮಾನಿಸುತ್ತದೆ. ಇಲ್ಲಿ ಸೋಸಿದರೆ ಇಲ್ಲಿನ ನಿಯಮ, ಅಲ್ಲಿ ಸೋಸಿದರೆ ಅಲ್ಲಿನ ನಿಯಮ. ಎಕ್ಸಿಕ್ಯೂಷನ್ ಪ್ಲಾನ್ ತೆರೆದು 'ರಿಮೋಟ್ ಕ್ವೆರಿ' ಎಂಬ ಚೌಕದ ಪ್ರಾಪರ್ಟೀಸ್ ನೋಡಿ. ಆಚೆಗೆ ಹೋದ ಕ್ವೆರಿಯ ಪಠ್ಯ ಅಲ್ಲಿರುತ್ತದೆ. ನಿಮ್ಮ ಷರತ್ತು ಅದರೊಳಗಿದೆಯೋ, ಈಚೆಗೆ 'ಫಿಲ್ಟರ್' ಎಂಬ ಬೇರೆ ಚೌಕವಾಗಿ ಕೂತಿದೆಯೋ ಗೊತ್ತಾಗುತ್ತದೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಷರತ್ತು ಎಲ್ಲಿ ತೀರ್ಮಾನವಾಯಿತು?

ಪರಿಹಾರ 'ಈಸ್ ನಾಟ್ ನಲ್'. ಶಾಖೆಯ ಟೇಬಲ್ಲಿಗೂ ಓಡುವ ಕ್ವೆರಿ ಆಗಿದ್ದರೆ 'ನಲ್‌ಇಫ್(ಫೋನ್, '') ಈಸ್ ನಾಟ್ ನಲ್' ಎಂದು ಎಸ್‌ಕ್ಯೂಎಲ್ ಸರ್ವರ್ ಬದಿಯಲ್ಲಿ ಬರೆಯಿರಿ, ನಲ್‌ಇಫ್ ಎಂದರೆ ಎರಡೂ ಸಮವಿದ್ದರೆ ನಲ್ ಕೊಡು. ಬರೀ ಸ್ಪೇಸ್ ಇದ್ದವೂ ಇದರಲ್ಲಿ ಸಿಕ್ಕಿಬೀಳುತ್ತವೆ, ಏಕೆಂದರೆ ಎಸ್‌ಕ್ಯೂಎಲ್ ಸರ್ವರ್‌ಗೆ ಖಾಲಿ ಸ್ಟ್ರಿಂಗೂ ಸ್ಪೇಸ್‌ಗಳೂ ಹೋಲಿಕೆಯಲ್ಲಿ ಸಮ.

ಉಲ್ಟಾ ದಿಕ್ಕಿನಲ್ಲೂ ಇದೇ ಕತೆ. ಒರಾಕಲ್‌ನಿಂದ ಗೇಟ್‌ವೇ ಮೂಲಕ ಎಸ್‌ಕ್ಯೂಎಲ್ ಸರ್ವರ್ ಟೇಬಲ್ ನೋಡುವಾಗ ಸಾಲು ಖಾಲಿ ಕಾಣುತ್ತದೆ, ಆದರೆ 'ಈಸ್ ನಲ್' ಎಂದು ಹುಡುಕಿದರೆ ಸಿಗುವುದಿಲ್ಲ. ಷರತ್ತು ಆಚೆಗೆ ಹೋಗಿ, ಅಲ್ಲಿ ಅದು ನಲ್ ಅಲ್ಲದ ಖಾಲಿ ಸ್ಟ್ರಿಂಗ್ ಆಗಿದ್ದರಿಂದ ತಪ್ಪಿಸಿಕೊಂಡಿರುತ್ತದೆ.

ಸೊನ್ನೆ ಸಾಲಿನ ಬದಲು 7405 ಎಂಬ ದೋಷ ಬಂದರೆ ಗಾಬರಿ ಬೇಡ. ಲಿಂಕ್ಡ್ ಸರ್ವರ್ ಮುಟ್ಟುವ ಕನೆಕ್ಷನ್ನಿನಲ್ಲಿ 'ಆನ್ಸಿ_ನಲ್ಸ್' ಮತ್ತು 'ಆನ್ಸಿ_ವಾರ್ನಿಂಗ್ಸ್' ಎರಡೂ ಆನ್ ಇರಬೇಕು. ಆನ್ಸಿ_ನಲ್ಸ್ ಅನ್ನು ಪ್ರೊಸೀಜರ್ ತನ್ನನ್ನು ಸೃಷ್ಟಿಸಿದ ಕ್ಷಣದಲ್ಲೇ ನೆನಪಿಟ್ಟುಕೊಳ್ಳುತ್ತದೆ, ಆದ್ದರಿಂದ ಹಳೆಯ ಪ್ರೊಸೀಜರ್ ಆದರೆ ಆನ್ ಮಾಡಿ ಮತ್ತೆ ಸೃಷ್ಟಿಸಬೇಕು.

ಇನ್ನೊಂದು: 'ನಾಟ್ ಇನ್' (ಈ ಪಟ್ಟಿಯಲ್ಲಿ ಇಲ್ಲದವರು) ಬಳಸಿದ್ದೀರಾ? ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಬಂದರೂ ಉತ್ತರ ಸೊನ್ನೆ. ಶಾಖೆಯ ಪಟ್ಟಿಯಿಂದ ಓಡುತ್ತಿದ್ದದ್ದು ಒರಾಕಲ್ ಪಟ್ಟಿಗೆ ಬದಲಾಯಿಸಿದ ದಿನವೇ ನಿಂತುಹೋಗುತ್ತದೆ. 'ನಾಟ್ ಎಕ್ಸಿಸ್ಟ್ಸ್' ಬರೆಯಿರಿ.

"ಸಾಲು ಸೇರಿಸಲು ಬಿಡುತ್ತಿಲ್ಲ"

ದೋಷ ಸಂಖ್ಯೆ ಓಆರ್‌ಎ-01400 ಅಥವಾ ಓಆರ್‌ಎ-01407. ಮೊದಲನೆಯದು ಹೊಸ ಸಾಲಿಗೆ, ಎರಡನೆಯದು ಅಪ್‌ಡೇಟ್‌ಗೆ. ನಾಟ್ ನಲ್ (ನಲ್ ಬರುವಂತಿಲ್ಲ) ಎಂದು ಗೀಟು ಹಾಕಿದ ಕಾಲಮ್ಮಿಗೆ ನೀವು ಖಾಲಿ ಸ್ಟ್ರಿಂಗ್ ಕಳಿಸಿದ್ದೀರಿ, ಒರಾಕಲ್ ಅದನ್ನು ನಲ್ ಎಂದು ಓದಿ ವಾಪಸ್ ಕಳಿಸಿದೆ.

ಕಾಲಮ್ಮಿಗೆ ಡಿಫಾಲ್ಟ್ ಇದೆಯಲ್ಲ ಎಂದು ನಂಬಬೇಡಿ. ಕಾಲಂ ಹೆಸರನ್ನೇ ಬಿಟ್ಟರೆ ಮಾತ್ರ ಸಾಮಾನ್ಯ ಡಿಫಾಲ್ಟ್ ಕೆಲಸ ಮಾಡುತ್ತದೆ. ನಲ್ ಬಂದರೂ ಡಿಫಾಲ್ಟ್ ತುಂಬಬೇಕಾದರೆ ಒರಾಕಲ್ 12ಸಿಯಲ್ಲಿ ಬಂದ 'ಡಿಫಾಲ್ಟ್ ಆನ್ ನಲ್' ಬೇಕು. 'ಎನ್‌ವಿಎಲ್(ಕಾಲಂ, '')' ಎಂದು ಬರೆದು ಗೆದ್ದೆ ಅಂದುಕೊಂಡವರೂ ಇದ್ದಾರೆ. ಅದರ ಅರ್ಥ: ನಲ್ ಆಗಿದ್ದರೆ ನಲ್ ಕೊಡು.

ಇಲ್ಲಿ ಎಲ್ಲರಿಗೂ ಹೊಳೆಯುವ ಅಡ್ಡದಾರಿ ಒಂದಿದೆ, ಒಂದು ಸ್ಪೇಸ್ ತುಂಬಿ ಕಳಿಸುವುದು, ಇಲ್ಲವೇ ಒಂದು ಚುಕ್ಕೆ. ನಮ್ಮ ಕಡೆ ಸರ್‌ನೇಮ್ ಇಲ್ಲದವರೇ ಎಷ್ಟೋ ಜನ. 'ಲಾಸ್ಟ್ ನೇಮ್ ಕಡ್ಡಾಯ' ಎನ್ನುವ ಫಾರಂಗಳಿಗೆ ಚುಕ್ಕೆ, ಡ್ಯಾಶ್, ಇಲ್ಲವೇ ಹೆಸರನ್ನೇ ಎರಡು ಸಲ ತುಂಬಿ ತುಂಬಿ ನಮಗೆ ಅಭ್ಯಾಸವೇ ಆಗಿದೆ. ಆ ಚುಕ್ಕೆ ಮುಂದೆ ಪಾಸ್‌ಬುಕ್ಕಿನಲ್ಲಿ, ಮದುವೆ ಸಾಲದ ಪತ್ರದಲ್ಲಿ, ಎಲ್ಲ ಕಡೆ ಮೂಡುತ್ತದೆ. ಒಬ್ಬ ಪ್ರೋಗ್ರಾಮರ್ ಚುಕ್ಕೆ ಇಟ್ಟರೆ ಮತ್ತೊಬ್ಬ ಡ್ಯಾಶ್ ಇಡುತ್ತಾನೆ. ಎರಡು ವರ್ಷದ ಮೇಲೆ ಖಾಲಿಗೆ ಏಳು ವೇಷ. ನನ್ನ ಅಭಿಪ್ರಾಯ ಕೇಳಿದರೆ, ನಿಜವಾಗಿ ಇಲ್ಲದಿರಬಹುದಾದ ಕಾಲಮ್ಮಿಗೆ ನಾಟ್ ನಲ್ ಹಾಕಿದ್ದೇ ತಪ್ಪು, ಗೀಟು ತೆಗೆಸಿ.

ಕಾಲಂ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಕೀಲಿ) ಒಳಗಿದ್ದರೆ ಇಲ್ಲೇ ನಿಲ್ಲಿಸಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಖಾಲಿ ಸ್ಟ್ರಿಂಗ್ ಕೀಯ ಭಾಗವಾಗಿರಬಹುದು. ಒರಾಕಲ್‌ನಲ್ಲಿ ಸಾಧ್ಯವೇ ಇಲ್ಲ. ಅದು ವಿನ್ಯಾಸದ ಪ್ರಶ್ನೆ, ಎರಡೂ ಕಡೆಯವರು ಕೂತು ಮಾತಾಡಬೇಕು.

ಪೋಸ್ಟ್‌ಗ್ರೆಸ್‌ನಿಂದ ಫಾರಿನ್ ಟೇಬಲ್ (ಆಚೆಯ ಟೇಬಲ್ಲನ್ನು ಇಲ್ಲಿಯದರಂತೆ ತೋರಿಸುವುದು) ಮೂಲಕ ಒರಾಕಲ್‌ಗೆ ಬರೆಯುವವರು ಗಮನಿಸಿ: ಫಾರಿನ್ ಟೇಬಲ್ಲಿನ ಮೇಲೆ ನೀವು ಬರೆದ ನಾಟ್ ನಲ್ ಅನ್ನು ಪೋಸ್ಟ್‌ಗ್ರೆಸ್ ಕಾಯುವುದಿಲ್ಲ, ಹೀಗಿದೆ ಎಂದು ನಂಬುತ್ತದೆ ಅಷ್ಟೇ. ನಂಬಿಕೆ ಸುಳ್ಳಾಗಿದ್ದರೆ ಕ್ವೆರಿಯ ಉತ್ತರವೂ ತಪ್ಪಬಹುದು.

"ಎಲ್ಲರೂ 1900ರ ಜನವರಿ 1ರಂದು ಹುಟ್ಟಿದ್ದಾರೆ"

ಹಿರಿಯ ನಾಗರಿಕರ ಬಡ್ಡಿ ಯಾರಿಗೋ ಸಿಕ್ಕಿದಾಗ ಬೆಳಕಿಗೆ ಬರುವ ದೋಷ. ಎಸ್‌ಕ್ಯೂಎಲ್ ಸರ್ವರ್ ಖಾಲಿ ಸ್ಟ್ರಿಂಗನ್ನು ಡೇಟ್‌ಟೈಮ್ ಮಾಡಿದರೆ 1900-01-01, ಇಂಟ್ ಮಾಡಿದರೆ 0, ಗದ್ದಲವಿಲ್ಲದೆ ಮಾಡಿಬಿಡುತ್ತದೆ. ಒರಾಕಲ್‌ನ 'ಟು_ನಂಬರ್' ನಲ್ ಕೊಡುತ್ತದೆ. ಪೋಸ್ಟ್‌ಗ್ರೆಸ್ ನೇರವಾಗಿ ದೋಷ ತೋರಿಸುತ್ತದೆ, ಮೂವರಲ್ಲಿ ನನಗೆ ಇಷ್ಟವಾದದ್ದು ಅದೇ. ಪರಿವರ್ತಿಸುವ ಮೊದಲು ನಲ್‌ಇಫ್ ಸುತ್ತಿ, ಮುಗಿಯಿತು. ಆಗಲೇ ಸೇರಿಹೋದ 1900ಗಳನ್ನು ಮಾತ್ರ ಮೂಲ ಅರ್ಜಿ ನೋಡದೆ ತಿದ್ದಬೇಡಿ.

"ರಾತ್ರಿಯ ಜಾಬ್ ದಿನಾ ಅದೇ ಸಾಲುಗಳನ್ನು ಬದಲಾಯಿಸುತ್ತದೆ"

ಯಾರೂ ದೂರು ಕೊಡದ ದೋಷ ಇದು. ಲಾಗ್ ನೋಡುವ ಅಭ್ಯಾಸ ಇದ್ದವರಿಗೆ ಮಾತ್ರ ಕಾಣುತ್ತದೆ: ಭಾನುವಾರ, ಬ್ಯಾಂಕಿಗೆ ರಜೆ, ಆದರೂ ಅಪ್‌ಡೇಟ್ ಆದ ಸಾಲುಗಳ ಸಂಖ್ಯೆ ಶನಿವಾರದ್ದೇ.

ಹೋಲಿಕೆಯನ್ನು ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ: 'ಈಸ್‌ನಲ್(ಇಲ್ಲಿಯದು, '~') <> ಈಸ್‌ನಲ್(ಅಲ್ಲಿಯದು, '~')'. ಇಲ್ಲಿ ಖಾಲಿ ಸ್ಟ್ರಿಂಗ್, ಅಲ್ಲಿ ನಲ್. ನಲ್ ಹೋಗಿ ~ ಆಯಿತು, ಖಾಲಿ ಖಾಲಿಯಾಗೇ ಉಳಿಯಿತು, ಎರಡೂ ಬೇರೆ. ಸರಿ, ಖಾಲಿ ಸ್ಟ್ರಿಂಗನ್ನು ಆಚೆಗೆ ಬರೆ. ಅದು ಅಲ್ಲಿ ಮುಟ್ಟಿದ ಕೂಡಲೇ ಮತ್ತೆ ನಲ್. ನಾಳೆ ರಾತ್ರಿ ಮತ್ತದೇ. ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

~ ತೆಗೆದು ಖಾಲಿ ಸ್ಟ್ರಿಂಗ್ ಹಾಕಿದರೆ ಎಸ್‌ಕ್ಯೂಎಲ್ ಸರ್ವರ್ ಮೇಲೆ ಓಡುವಷ್ಟು ದಿನ ಸರಿಹೋಗುತ್ತದೆ. ಅದೇ ಹೋಲಿಕೆಯನ್ನು ಎನ್‌ವಿಎಲ್ ಮಾಡಿ ಒರಾಕಲ್ ಬದಿಗೆ ಸಾಗಿಸಿದರೆ ರೋಗ ತಿರುಗುತ್ತದೆ: ಒಂದು ಬದಿ ನಲ್ ಇದ್ದಾಗೆಲ್ಲ ಹೋಲಿಕೆಯ ಉತ್ತರ 'ಗೊತ್ತಿಲ್ಲ', ಹೊಸದಾಗಿ ಫೋನ್ ನಂಬರ್ ಕೊಟ್ಟವರ ಬದಲಾವಣೆ ಮುಖ್ಯ ಕಚೇರಿಗೆ ಎಂದೂ ಮುಟ್ಟುವುದಿಲ್ಲ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಒರಾಕಲ್ ಬದಿಯಲ್ಲೇ ಹೋಲಿಸಬೇಕಾದರೆ 'ಡಿಕೋಡ್' ಬಳಸಿ, ಅದು ಎರಡು ನಲ್‌ಗಳನ್ನು ಸಮ ಎನ್ನುತ್ತದೆ. ಎಸ್‌ಕ್ಯೂಎಲ್ ಸರ್ವರ್ 2022ರಲ್ಲಿ 'ಈಸ್ ಡಿಸ್ಟಿಂಕ್ಟ್ ಫ್ರಮ್' ಬಂದಿದೆ, ಅದಕ್ಕಿಂತ ಹಳೆಯದರಲ್ಲಿ 'ಎಕ್ಸೆಪ್ಟ್' ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಈಸ್ ಡಿಸ್ಟಿಂಕ್ಟ್ ಫ್ರಮ್ ಬಹಳ ಹಿಂದಿನಿಂದಲೂ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ <=>.

ಆದರೆ ನಿಜವಾದ ಮದ್ದು ಹೋಲಿಕೆಯಲ್ಲಿಲ್ಲ, ಗಡಿಯಲ್ಲಿದೆ. ಎರಡು ಬದಿಗಳಲ್ಲಿ ಒಂದಕ್ಕೆ ಖಾಲಿ ಸ್ಟ್ರಿಂಗ್ ಹಿಡಿದಿಡಲು ಬರುವುದೇ ಇಲ್ಲವೆಂದ ಮೇಲೆ ಇಬ್ಬರಿಗೂ ಅರ್ಥವಾಗುವುದು ನಲ್ ಒಂದೇ. ಆಚೆಗೆ ಹೋಗುವ ಎಲ್ಲವೂ ಒಂದು ವ್ಯೂ (ಉಳಿಸಿಟ್ಟ ಕ್ವೆರಿ) ಮೂಲಕ ಹೋಗಲಿ, ಆ ವ್ಯೂನಲ್ಲಿ ಪಠ್ಯದ ಪ್ರತಿ ಕಾಲಮ್ಮಿಗೂ ನಲ್‌ಇಫ್ ಇರಲಿ. "ಇಲ್ಲ ಅಂದರು" ಮತ್ತು "ಕೇಳಿಲ್ಲ" ಎಂಬ ವ್ಯತ್ಯಾಸ ವ್ಯವಹಾರಕ್ಕೆ ಬೇಕಿದ್ದರೆ ಅದಕ್ಕೆಂದೇ ಇನ್ನೊಂದು ಕಾಲಂ ಮಾಡಿ. ಕಾಣದ ಎರಡು ಕೋಟ್‌ಗಳ ನಡುವೆ ಅಷ್ಟು ದೊಡ್ಡ ಸಂಗತಿಯನ್ನು ಬಚ್ಚಿಡುವುದು ಬೇಡ.

"ಫೈಲ್ ಮೂಲಕ ಬಂದಾಗಿನಿಂದ ಶುರುವಾಯಿತು"

ಲಿಂಕ್ ನಿಧಾನ ಎಂದು ಯಾರೋ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಮಾಡಿ ಸಾಗಿಸಿರುತ್ತಾರೆ. ಎಸ್‌ಎಸ್‌ಎಂಎಸ್ ಗ್ರಿಡ್ಡಿನಿಂದ ಉಳಿಸಿದ ಫೈಲಿನಲ್ಲಿ ನಲ್ ಎಂಬುದು ಇಂಗ್ಲಿಷಿನ ನಾಲ್ಕು ಅಕ್ಷರಗಳ ಪದವಾಗಿ ಕೂತಿರುತ್ತದೆ. ಅದನ್ನು ಲೋಡ್ ಮಾಡಿದರೆ ಅಪ್ಪನ ಹೆಸರೇ 'ನಲ್'. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ತಮಾಷೆಗೆ ಇದೇ ಪದದ ನಂಬರ್ ಪ್ಲೇಟ್ ಹಾಕಿಸಿಕೊಂಡು, ಪ್ಲೇಟ್ ನಂಬರ್ ನಮೂದಾಗದ ಯಾರು ಯಾರದೋ ದಂಡ 12,000 ಡಾಲರ್ ದಾಟಿ ಅವರ ಮನೆಗೆ ಬಂದ ಸುದ್ದಿ 2019ರಲ್ಲಿ ಓಡಾಡಿತ್ತು.

ಪೋಸ್ಟ್‌ಗ್ರೆಸ್‌ನ ಕಾಪಿ ಆಜ್ಞೆಗೆ ಸಿಎಸ್‌ವಿಯಲ್ಲಿ ಕೋಟ್ ಇಲ್ಲದ ಖಾಲಿ ಎಂದರೆ ನಲ್, ಡಬಲ್ ಕೋಟ್ ಒಳಗಿನದು ಖಾಲಿ ಸ್ಟ್ರಿಂಗ್. ಫೈಲನ್ನು ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಆ ವ್ಯತ್ಯಾಸ ಹೋಯಿತು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ.

"ಟ್ರಿಮ್ ಮಾಡಿದರೂ ಹೋಗದ ಖಾಲಿ"

ನಲ್ ಅಲ್ಲ, ಸ್ಪೇಸ್ ಅಲ್ಲ, ಉದ್ದ ಮಾತ್ರ ಇದೆ. ಕನ್ನಡ ಡೇಟಾ ಇರುವ ಕಡೆ ಇದು ಹೆಚ್ಚು. ಯುಟಿಎಫ್-8ರ ಒರಾಕಲ್‌ನಲ್ಲಿ ಡಂಪ್ ಮಾಡಿ: 194,160 ಬಂದರೆ ವೆಬ್ ಪುಟದಿಂದ ನಕಲಾದ ಮುರಿಯದ ಸ್ಪೇಸ್. 226,128,140 ಬಂದರೆ ಅಗಲವಿಲ್ಲದ ಬೇರ್ಪಡಕ, ಜೆಡ್‌ಡಬ್ಲ್ಯೂಎನ್‌ಜೆ. ಹೆಸರು ಟೈಪ್ ಮಾಡಿ ಅಳಿಸುವಾಗ ಅದೊಂದು ಹಿಂದೆ ಉಳಿದುಬಿಡುತ್ತದೆ.

ಇಲ್ಲಿ ಕೈ ಬಿಗಿ ಹಿಡಿಯಿರಿ. ಕಾಲಮ್ಮಿನಿಂದ ಜೆಡ್‌ಡಬ್ಲ್ಯೂಎನ್‌ಜೆ ಎಲ್ಲವನ್ನೂ ರಿಪ್ಲೇಸ್ ಮಾಡಿದರೆ 'ರಾಜ್‌ಕುಮಾರ್' ಇದ್ದವರು 'ರಾಜ್ಕುಮಾರ್' ಆಗುತ್ತಾರೆ, ಜಕ್ಕೆ ಕ ಒತ್ತು. ಇಡೀ ಮೌಲ್ಯವೇ ಆ ಅಕ್ಷರವಾಗಿದ್ದಲ್ಲಿ ಮಾತ್ರ ನಲ್ ಮಾಡಿ, ಹೆಸರಿನ ನಡುವೆ ಇದ್ದದ್ದನ್ನು ಮುಟ್ಟಬೇಡಿ.

ಎಲ್ಲಿ ನಿಲ್ಲಿಸಿ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಅವರನ್ನು ಕರೆಯಬೇಕು

ಒಂದೇ ನಲ್ ಬಿಡುವ ಎಸ್‌ಕ್ಯೂಎಲ್ ಸರ್ವರ್‌ನ ಯೂನಿಕ್ ಇಂಡೆಕ್ಸಿಗೆ (ಒಂದೇ ಮೌಲ್ಯ ಎರಡು ಸಲ ಬರದಂತೆ ಕಾಯುವುದು) ಒರಾಕಲ್‌ನ ಹಲವು ನಲ್ ಸಾಲುಗಳು ಬಂದು 2601 ಅಥವಾ 2627 ದೋಷ ಕಂಡರೆ ನಲ್ ಸಾಲುಗಳನ್ನು ಬಿಟ್ಟು ಎಣಿಸುವ ಫಿಲ್ಟರ್ಡ್ ಇಂಡೆಕ್ಸ್ ಬೇಕಾಗುತ್ತದೆ, ಅದನ್ನು ಅವರೇ ಮಾಡಲಿ. ಎರಡೂ ಕಡೆ ಒಟ್ಟಿಗೆ ತಿದ್ದಬೇಕಾದ ಟ್ರಾನ್ಸಾಕ್ಷನ್ ಇದ್ದರೂ ಅಷ್ಟೇ. ಹಣದ ಕಾಲಮ್ಮಿಗೆ ನಲ್ ನುಗ್ಗಿದ್ದರೆ ಒಂದು ಸಾಲನ್ನೂ ಮುಟ್ಟದೆ ಕರೆಯಿರಿ.

ಬರಿಗೈಯಲ್ಲಿ ಹೋಗಬೇಡಿ. ಒಂದು ತಪ್ಪು ಸಾಲು, ಎರಡೂ ಬದಿಯಲ್ಲಿ ಅದರ ಡೇಟಾಲೆಂಗ್ತ್ ಮತ್ತು ಡಂಪ್, ರಿಮೋಟ್ ಕ್ವೆರಿಯ ಪಠ್ಯ, ಎರಡೂ ಡೇಟಾಬೇಸಿನ ಆವೃತ್ತಿ ಸಂಖ್ಯೆ, ಕೊನೆಯ ಬ್ಯಾಕಪ್ ಯಾವಾಗಿನದು. ಇಷ್ಟು ಒಂದು ಹಾಳೆಯಲ್ಲಿದ್ದರೆ "ನಮ್ಮ ಕಡೆ ಸರಿಯಿದೆಯಲ್ಲ" ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ಗಂಗಮ್ಮನವರ ಪಾಸ್‌ಬುಕ್ಕಿಗೆ ಹೆಸರು ಬಂದದ್ದು ಮಾರನೆಯ ದಿನ ಹನ್ನೊಂದಕ್ಕೆ. ಅಷ್ಟರಲ್ಲಿ ಕೌಂಟರಿನವರು ಪೆನ್ನಿನಲ್ಲಿ ಬರೆದು, ಸೀಲ್ ಹೊಡೆದು ಕೊಟ್ಟಾಗಿತ್ತು.